ಕರೆಯದೆ ಒಳಗೆ ಬಾರದವನು

"ಇಳಿಸ್ರಿ. ಇಲ್ಲೇ ಇಳಿಸ್ರಿ."

ಪುಷ್ಪಮ್ಮ ದೇವಾಲಯದ ಬಾಗಿಲಿಗೆ ಎರಡೂ ಕೈ ಅಡ್ಡ ಕೊಟ್ಟು ನಿಂತುಬಿಟ್ಟಳು. ಅವಳ ಗಂಡನ ಶವಪೆಟ್ಟಿಗೆಯ ಮುಂದಿನ ತುದಿ ಹೊತ್ತಿದ್ದ ಭೂತಪ್ಪ ಮೇಲಿನ ಮೆಟ್ಟಿಲಿಗೆ ಒಂದು ಕಾಲಿಟ್ಟಿದ್ದವನು ಅಲ್ಲೇ ತಡೆದು ನಿಂತ. ಹಿಂದೆ ಹೊತ್ತವರಿಗೆ ಅದು ಕಾಣಲಿಲ್ಲ, ಅವರು ತಳ್ಳಿದರು. ಪೆಟ್ಟಿಗೆ ಒಮ್ಮೆ ಓಲಾಡಿತು.

"ಅಯ್ಯಯ್ಯೋ, ತಡೀರಿ ಮಾರಾಯ್ರೇ!" ಎಂದು ಭೂತಪ್ಪ ಕೂಗಿದ. "ಹೋಗೋ ಹೊತ್ತಲ್ಲೂ ಅವನನ್ನ ಬೀಳಿಸ್ಬೇಕಾ?"

ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟರು. ಜೋಗದ ಕಾಲೊನಿಯ ಆ ಸಣ್ಣ ಕ್ರೈಸ್ತ ದೇವಾಲಯಕ್ಕೆ ಇರುವುದೇ ಮೂರು ಅಗಲವಾದ ಮೆಟ್ಟಿಲು. ಮಾರ್ಚ್ ತಿಂಗಳ ಬಿಸಿಲಿಗೆ ಕಲ್ಲು ಕಾದು ಹೆಂಚಾಗಿತ್ತು. ಒಳಗೆ ಬೆಂಚುಗಳಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಬಾಗಿಲ ಕಡೆ ಇಣುಕಿದರು.

ಪಾಸ್ಟರ್ ಸುಪ್ರಿಯಾ ಬೈಬಲನ್ನು ಎದೆಗೊತ್ತಿಕೊಂಡು ಹತ್ತಿರ ಬಂದಳು. ಹೋದ ಮಳೆಗಾಲ ಮುಗಿದ ಮೇಲೆ ವರ್ಗವಾಗಿ ಬಂದವಳು. ಸಾಗರದಲ್ಲಿದ್ದು ತಿಂಗಳಿಗೆರಡು ಭಾನುವಾರ ಇಲ್ಲಿ ಆರಾಧನೆ ನಡೆಸುತ್ತಿದ್ದಳು.

"ಏನಾಯ್ತಮ್ಮಾ? ಹೊತ್ತಾಗುತ್ತಲ್ಲ."

"ಆಗ್ಲಿ ಬಿಡಿ. ಇಪ್ಪತ್ತು ವರ್ಷದ ಮೇಲಾಯ್ತು, ಇನ್ನೊಂದ್ ಗಳಿಗೆ ಆದ್ರೆ ಎಂತ ಗಂಟು ಹೋಗುತ್ತೆ?" ಪುಷ್ಪಮ್ಮನ ದನಿ ಏರಲಿಲ್ಲ, ನಡುಗಲೂ ಇಲ್ಲ. "ಪ್ರತಿ ಭಾನುವಾರ ಇವ್ರು ಈ ಮೆಟ್ಲ ಮೇಲೆ ಕೂತಿದ್ರು. ಒಳಗೆ ಬಾ ಅಂತ ಯಾರೂ ಕರೀಲಿಲ್ಲ. ಈಗ ಉಸಿರಿಲ್ಲ, ಬ್ಯಾಡ ಅನ್ನೋಕೆ ಬಾಯಿಲ್ಲ ಅಂತ ಹೊತ್ಕೊಂಡ್ ಹೋಗ್ತೀರಾ? ಕರೀಬೇಕಾದವ್ರು ಬಂದು ಕರೀಲಿ. ಇಲ್ದಿದ್ರೆ ಪ್ರಾರ್ಥನೆ ಇಲ್ಲೇ ಮಾಡಿ, ಇಲ್ಲಿಂದಲೇ ಗುಂಡಿಗೆ."

"ಅಮ್ಮಾ, ಜನ ನೋಡ್ತಿದಾರೆ," ಎಂದು ಮಗಳು ಸ್ವಪ್ನಾ ಸೆರಗು ಜಗ್ಗಿದಳು. ತೀರ್ಥಹಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿಯಿಂದ ನೇರ ಬಂದವಳು, ಅತ್ತು ಮುಖ ಊದಿತ್ತು.

"ನೋಡ್ಲಿ. ಇಷ್ಟ್ ವರ್ಷ ನೋಡಿದ್ರಲ್ಲ, ಅಭ್ಯಾಸ ಇದೆ ಅವ್ರಿಗೆ."

ಕರೆಯಬೇಕಾದವರು ಯಾರು ಎಂದು ಪುಷ್ಪಮ್ಮ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹಳಬರ ಕಣ್ಣೆಲ್ಲ ಬಾಗಿಲ ಒಳಮಗ್ಗುಲಿಗೆ ಹೊರಳಿತು. ಅಲ್ಲಿ ಗಂಟೆಯ ಹಗ್ಗ ಹಿಡಿದುಕೊಂಡು ಸಭೆಯ ಹಿರಿಯ ಸತ್ಯಮಿತ್ರ ನಿಂತಿದ್ದ. ಎಂಬತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಜುಬ್ಬ. ಅಲ್ಲಿಯವರೆಗೆ ಸಾವಿನ ಗಂಟೆ ಬಾರಿಸುತ್ತಿದ್ದ ಅವನ ಕೈ ಹಗ್ಗದ ಮೇಲೆ ಹಾಗೇ ನಿಂತಿತ್ತು.

*

ಆ ಹಗ್ಗ ಒಂದು ಕಾಲಕ್ಕೆ, ಈಗ ಪೆಟ್ಟಿಗೆಯಲ್ಲಿ ಮಲಗಿದ್ದ ಯೋಗರಾಜನದಾಗಿತ್ತು. ವಾರವೆಲ್ಲ ಪವರ್ ಹೌಸಿನಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸ, ಭಾನುವಾರ ಗಂಟೆಯ ಕೆಲಸ. ಮೊದಲನೆಯದಕ್ಕೆ ಸಂಬಳ ಬರುತ್ತಿತ್ತು, ಎರಡನೆಯದಕ್ಕೆ ಗತ್ತು. ಸಾವಿಗೆ ಒಂದೇ ಪೆಟ್ಟು, ಆಮೇಲೆ ಒಂದು ಉದ್ದ ಉಸಿರೆಳೆದು ಬಿಡುವಷ್ಟು ಮೌನ, ಮತ್ತೊಂದು ಪೆಟ್ಟು. ಮದುವೆಗೆ, ಕ್ರಿಸ್ಮಸ್ಸಿಗೆ, ಈಸ್ಟರಿಗೆ ಬಿಡುವಿಲ್ಲದ ಜೋಡಿ ಪೆಟ್ಟು, ಹಗ್ಗ ಹಿಡಿದವನ ಹಿಮ್ಮಡಿ ನೆಲ ಬಿಡುವ ಹಾಗೆ. ಕಾಲೊನಿಯ ಹಿಂದೂಗಳಿಗೂ ಜೈನರಿಗೂ ಈ ವ್ಯತ್ಯಾಸ ಗೊತ್ತು. ಗಂಟೆ ಕೇಳಿದರೆ ಸಾಕು, "ಯಾರು ಹೋದ್ರಂತೆ?" ಎಂದೋ "ಯಾರ್ದು ಮದುವೆ?" ಎಂದೋ ಬೀದಿಯವರು ಕೇಳುತ್ತಿದ್ದರು.

ಯೋಗರಾಜನಿಗೆ ಇದ್ದದ್ದು ಒಂದೇ ದುರಭ್ಯಾಸ, ಆದರೆ ಅದು ಹತ್ತಕ್ಕೆ ಸಮ. ಕುಡಿದರೆ ಅವನಿಗೆ ಅಳು ಬರುತ್ತಿತ್ತು. ಸತ್ಯಮಿತ್ರನ ಒಬ್ಬಳೇ ಮಗಳು ಕುಮುದಾಳ ಮದುವೆಗೆ ಗಂಡಿನ ಕಡೆಯವರು ಘಟ್ಟದ ಕೆಳಗಿನಿಂದ ಎರಡು ಬಸ್ಸು ಮಾಡಿಕೊಂಡು ಬಂದಿದ್ದರು. ಹಿಂದಿನ ಸಂಜೆಯಿಂದಲೇ ಅಡುಗೆಯವರ ಜೊತೆ ಕೂತು ಏರಿಸಿದ್ದ ಯೋಗರಾಜ್ ಬೆಳಿಗ್ಗೆ ಹೇಗೋ ಬಂದು ಹಗ್ಗ ಹಿಡಿದ. ಮದುಮಕ್ಕಳು ಬಾಗಿಲಿಗೆ ಬಂದರು, ಹೂವಿನ ಎಸಳು ಎರಚಿದರು. ಆಗ ಮೇಲಿಂದ ಒಂದು ಪೆಟ್ಟು ಬಿತ್ತು. ಎಲ್ಲರೂ ಎರಡನೆಯದಕ್ಕೆ ಕಾದರು. ಅದು ಬರಲಿಲ್ಲ. ಆಮೇಲೆ, ತುಂಬಾ ಹೊತ್ತಾದ ಮೇಲೆ, ಬಂತು.

ವರನ ಅಜ್ಜಿ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಕುಸಿದು ಕೂತಳು. ಸತ್ಯಮಿತ್ರ ಒಳಗೆ ಓಡಿದ. ಯೋಗರಾಜ್ ಕಣ್ಣು ಮುಚ್ಚಿ, ಕೆನ್ನೆಯ ಮೇಲೆ ನೀರಿಳಿಸಿಕೊಂಡು, ಬಹಳ ಭಕ್ತಿಯಿಂದ ಸಾವಿನ ಗಂಟೆ ಬಾರಿಸುತ್ತಿದ್ದ. ನಿಜ ಹೇಳಬೇಕೆಂದರೆ ಅಷ್ಟು ಹದವಾದ ಸಾವಿನ ಗಂಟೆಯನ್ನು ಆ ಊರು ಮತ್ತೆ ಕೇಳಿಲ್ಲ. ಸತ್ಯಮಿತ್ರ ಅವನ ಕೆನ್ನೆಗೆ ಬಾರಿಸಿದ. ಶಕುನ ಕೆಟ್ಟಿತೆಂದು ಗಂಡಿನ ಕಡೆಯ ಒಂದು ಬಸ್ಸು ಊಟ ಮಾಡದೆ ಹೊರಟುಹೋಯಿತು. ಉಳಿದ ಊಟವನ್ನು ಕಾಲೊನಿಯವರು ಮರುದಿನವೂ ಉಂಡರು, ಉಣ್ಣುತ್ತಾ ಅದೇ ಮಾತಾಡಿದರು.

ಸಭೆಯ ಹಿರಿಯರು ಸೇರಿ ಹಳೆಯ ಕಟ್ಟಳೆಯಂತೆ ಶಿಸ್ತು ವಿಧಿಸಿದರು: ಯೋಗರಾಜ್ ಮೂರು ತಿಂಗಳು ಬಾಗಿಲ ಹೊರಗೆ ಕೂರಬೇಕು. ಅವಧಿ ಮುಗಿದ ಮೇಲೆ ಎಲ್ಲರೆದುರು ಹಿರಿಯನೊಬ್ಬ ಮೆಟ್ಟಿಲಿಗೆ ಹೋಗಿ ಅವನ ಬಲಗೈ ಹಿಡಿದು, 'ಬಾ ತಮ್ಮಾ, ನಿನ್ನ ಜಾಗ ನಿನಗಾಗಿ ಕಾದಿದೆ' ಎಂದು ಕರೆದು ತಂದು ಕೂರಿಸಬೇಕು. ಅಲ್ಲಿಗೆ ತಪ್ಪು ತೀರಿತು. ಆಮೇಲೆ ಅದನ್ನು ಯಾರೂ ಎತ್ತಬಾರದು.

ಯೋಗರಾಜ್ ತಲೆ ತಗ್ಗಿಸಿ ಒಪ್ಪಿಕೊಂಡ. ಅವತ್ತೇ ಕುಡಿತ ಬಿಟ್ಟ.

*

ಮುಚ್ಚಳ ಹಾಕಿರದ ಪೆಟ್ಟಿಗೆಯ ಮೇಲೆ ಬಿಸಿಲು ಬೀಳದಂತೆ ಯಾರೋ ಕೊಡೆ ಹಿಡಿದರು. ಗಂಡಸರು ಹಲಸಿನ ಮರದ ನೆರಳಿಗೆ ಸರಿದು ಪಿಸುಗುಟ್ಟತೊಡಗಿದರು.

"ನಾವು ಅಂದ್ಕೊಂಡಿದ್ದು ಅವನಿಗೆ ಹೊರಗೇ ಇಷ್ಟ ಅಂತ," ಎಂದ ಒಬ್ಬ.

"ನಾನೂ ಹಾಗೇ ಅಂದ್ಕೊಂಡೆ. ಗಾಳಿ ಬರುತ್ತಲ್ಲ ಅಲ್ಲಿ," ಎಂದ ಇನ್ನೊಬ್ಬ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

ಕಿರಾಣಿ ಅಂಗಡಿಯ ಶಾಂತಿರಾಜ ಅಂಗಡಿ ಮುಚ್ಚಿ ಬಂದಿದ್ದ. ಜೈನರವನು, ಮೂವತ್ತು ವರ್ಷ ಯೋಗರಾಜನ ನೆರೆ. ರಿಟೈರಾದ ಮೇಲೆ ಯೋಗರಾಜ್ ಫಾಲ್ಸ್ ನೋಡಲು ಬರುವವರಿಗೆ ಜೋಳ ಸುಟ್ಟು ಮಾರುತ್ತಿದ್ದದ್ದು ಇವನ ಅಂಗಡಿಯ ಮುಂದೆಯೇ.

"ಎಂತ ಗಾಳಿ ಮಾರಾಯ್ರೇ," ಎಂದ ಶಾಂತಿರಾಜ. "ಮಳೆಗಾಲದಲ್ಲಿ ಕೊಡೆ ಹಿಡ್ಕೊಂಡು ಆ ಕಿಟಕಿ ಹತ್ರ ನಿಂತ್ಕೊಂಡು ಹಾಡ್ತಿದ್ದ. ನಮ್ಮನೆ ತನಕ ಕೇಳ್ತಿತ್ತು. ಇಷ್ಟು ವರ್ಷದಲ್ಲಿ ಒಂದು ಹನಿ ಮುಟ್ಟಿಲ್ಲ ಅವನು. ನಾನು ಆಣೆ ಇಟ್ಟು ಹೇಳ್ತೀನಿ."

"ಕೆಲಸದಲ್ಲೂ ಹಾಗೇ," ಎಂದ ಭೂತಪ್ಪ, ಯೋಗರಾಜನ ಜೊತೆ ಪವರ್ ಹೌಸಿನಲ್ಲಿ ದುಡಿದವನು. "ನಾನೇ ಎಷ್ಟ್ ಸಲ ಬೈದಿದೀನಿ. ಹೋಗಿ ಕೂತ್ಕೊಳ್ಳೋ, ನಿನ್ನ ಕತ್ತು ಹಿಡಿದು ದಬ್ತಾರಾ ಅಂತ. ಕೇಳ್ಬೇಕಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ನಮ್ಮಲ್ಲಿ ಗಾದೆ ಇದೆ. ನಿಮ್ಮಲ್ಲೂ ಹಂಗೇನಾ?"

ಆ ಮಾತು ಸುಪ್ರಿಯಾಳ ಕಿವಿಗೂ ಬಿತ್ತು. ಈ ಊರಿಗೆ ಬಂದ ಹೊಸತರಲ್ಲಿ ಅವಳು ಉಪದೇಶ ಮಾಡಿದ್ದು, ಬೈಬಲಿನಲ್ಲಿ ಬರುವ, ಮನೆ ಬಿಟ್ಟು ಹೋಗಿ ಹಂದಿಗಳ ನಡುವೆ ಹಸಿದು ಬುದ್ಧಿ ಬಂದು ಮರಳಿದ ಮಗನ ಕತೆ. ಚೆನ್ನಾಗಿ ಬಂತೆಂದು ಅವತ್ತು ತನಗೆ ತಾನೇ ಹಿಗ್ಗಿದ್ದಳು. ಉಪದೇಶ ಮುಗಿಸಿ ಹೊರಗೆ ಬಂದಾಗ ಮೆಟ್ಟಿಲ ಮೇಲಿದ್ದ ಮುದುಕ ಎದ್ದು ನಿಂತು ಕೈ ಮುಗಿದಿದ್ದ. 'ಚೆನ್ನಾಗಿದೀರಾ ಅಂಕಲ್' ಎಂದು ಕೇಳಿ ಕಾರು ಹತ್ತಿದ್ದಳು.

ಈಗ ಅವಳು ಪುಷ್ಪಮ್ಮನ ಪಕ್ಕ ಬಂದು ನಿಂತಳು.

"ಅಮ್ಮಾ, ನಾನು ಕರೀಲಾ? ನನ್ನದೂ ತಪ್ಪಿದೆ. ನಾನು ಕೇಳಿದ್ದೆ ಅವರ ಬಗ್ಗೆ. ಅವರಿಗೆ ಹೊರಗೆ ಕೂತೇ ಅಭ್ಯಾಸ ಅಂತ ಹೇಳಿದ್ರು."

"ಯಾರು ಹೇಳಿದ್ದು?"

ಸುಪ್ರಿಯಾಳ ಕಣ್ಣು ಬೇಡವೆಂದರೂ ಹಗ್ಗದ ಕಡೆ ಹೋಯಿತು.

"ನೀವಲ್ಲ ಅಮ್ಮ," ಎಂದಳು ಪುಷ್ಪಮ್ಮ. "ನೀವು ನಿನ್ನೆ ಮೊನ್ನೆ ಬಂದವ್ರು. ಅಷ್ಟೂ ಪಾಸ್ಟರ್‌ಗಳು ನಿನ್ನೆ ಮೊನ್ನೆ ಬಂದವ್ರೇ. ಕರೆಯೋದು ಹಿರಿಯರ ಕೆಲಸ. ನಾನೇನು ಸಾಚಾ ಅಲ್ಲ ಬಿಡಿ. ನಾನೂ ಒಳಗೇ ಕೂತಿದ್ದೆ, ಸೆರಗು ಹೊದ್ಕೊಂಡು. ಎದ್ದು ನಿಂತು ನನ್ನ ಗಂಡನ್ನ ಕರೀರಿ ಅಂತ ಒಂದು ದಿನ ಬಾಯಿ ಬಿಡ್ಲಿಲ್ಲ. ಮನೆಗೆ ಹೋಗಿ ಅವ್ರಿಗೇ ಬೈತಿದ್ದೆ. ನೀವೇ ಒಳಗೆ ನಡೀರಿ ಅಂದ್ರೆ, 'ಊರಿನವ್ರೆಲ್ಲರ ಮುಂದೆ ಮಾಡಿದ ತಪ್ಪು ಪುಷ್ಪಾ, ಕದ್ದು ನುಗ್ಗಬಾರದು' ಅಂತಿದ್ರು. ದೇವರ ಹತ್ರ ಕ್ಷಮೆ ಕೇಳಿ ಮುಗ್ದಿದೆ, ಆತ ಒಪ್ಪಿಯೂ ಆಗಿದೆ, ಮನುಷ್ಯರ ಹತ್ರ ಬಾಕಿ ಅಂತಿದ್ರು. ನೀವು ಆ ಮಗನ ಕತೆ ಹೇಳಿದ್ರಲ್ಲ, ಅವತ್ತು ರಾತ್ರಿ ಊಟ ಸೇರ್ಲಿಲ್ಲ ಅವ್ರಿಗೆ. 'ಆ ಅಪ್ಪ ಮಗನ್ನ ದೂರದಲ್ಲೇ ಕಂಡು ಓಡಿಬಂದನಂತೆ. ನಾನು ಬಾಗ್ಲಲ್ಲೇ ಇದೀನಲ್ಲ ಪುಷ್ಪಾ' ಅಂದ್ರು."

ಹೆಂಗಸರ ಕಡೆಯಿಂದ ಒಂದು ಬಿಕ್ಕು ಕೇಳಿತು. ಯಾರೋ ಕಿಟಕಿಯ ಕಡೆ ನೋಡಿ ತಕ್ಷಣ ಮುಖ ತಿರುಗಿಸಿಕೊಂಡರು.

"ಹೋಗ್ಲಿ ಬಿಡಿ ಪುಷ್ಪಕ್ಕ," ಎಂದ ಸಭೆಯ ಮತ್ತೊಬ್ಬ ಹಿರಿಯ, ಸಮಾಧಾನದ ದನಿಯಲ್ಲಿ. "ಸತ್ಯಣ್ಣಂಗೂ ವಯಸ್ಸಾಯ್ತು. ಮರೆತುಹೋಗಿದೆ ಪಾಪ. ಮರೆವು ಯಾರಿಗಿಲ್ಲ?"

"ಇವ್ರೂ ಹಾಗೇ ಹೇಳ್ತಿದ್ರು," ಎಂದಳು ಪುಷ್ಪಮ್ಮ. "'ಸತ್ಯಣ್ಣ ಮರೆತಿದಾರೆ, ನೆನಪಾದ ದಿನ ಕರೀತಾರೆ' ಅಂತ. ಭಾನುವಾರ ಬಂದ್ರೆ ಸಾಕು, ಬಿಳಿ ಅಂಗಿ ನಾನೇ ಒಗೆದು ಕೊಡ್ಬೇಕಿತ್ತು."

ನೋಡಿ, ದಾರಿ ಎಷ್ಟು ಸಲೀಸಾಗಿ ಸಿಕ್ಕಿತ್ತು! ಸತ್ಯಮಿತ್ರ ಮಾಡಬೇಕಾಗಿದ್ದದ್ದು ಇಷ್ಟೇ: ಹಣೆ ಚಚ್ಚಿಕೊಂಡು 'ಅಯ್ಯೋ, ಮರೆತೇಬಿಟ್ಟೆ' ಅನ್ನುವುದು. ಸತ್ತವನೇ ಆ ಮಾತನ್ನು ಅವನಿಗಾಗಿ ಸಿದ್ಧ ಮಾಡಿಟ್ಟು ಹೋಗಿದ್ದ. ಹಗ್ಗ ಹಿಡಿದ ಅಂಗೈ ಬೆವರಿ ಜಾರುತ್ತಿತ್ತು.

ಅಷ್ಟರಲ್ಲಿ ಅವನ ಮಗಳು ಕುಮುದಾ ಬೆಂಚಿನಿಂದೆದ್ದು ಹತ್ತಿರ ಬಂದಳು. ಶಿವಮೊಗ್ಗದಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂದಿದ್ದಳು. ತಲೆಯಲ್ಲಿ ನೆರೆ ಕಾಣಿಸಿಕೊಂಡಿತ್ತು.

"ಅಪ್ಪಾ, ನನ್ನ ಮದುವೆ ವಿಷಯಕ್ಕಾ ಇದೆಲ್ಲ? ಇನ್ನೂ?" ಅವಳಿಗೆ ನಂಬಲಾಗಲಿಲ್ಲ. "ನಂಗೆ ಅವತ್ತು ನಗು ಬಂದಿತ್ತಪ್ಪ. ತಡೆಯೋಕಾಗದೆ ಸೆರಗು ಬಾಯಿಗೆ ಒತ್ಕೊಂಡಿದ್ದೆ. ನಮ್ಮನೆಯವ್ರೂ ನಾನೂ ಪ್ರತಿ ವರ್ಷ ಮದುವೆ ದಿನ ಅದನ್ನೇ ಹೇಳ್ಕೊಂಡು ನಗ್ತೀವಿ."

"ನೀನು ಅಳ್ತಿದ್ದೆ," ಎಂದ ಸತ್ಯಮಿತ್ರ.

"ಇಲ್ಲಪ್ಪಾ. ನಗ್ತಿದ್ದೆ."

*

ಸತ್ಯಮಿತ್ರ ಮರೆತಿರಲಿಲ್ಲ. ಮೂರು ತಿಂಗಳು ಮುಗಿದ ವಾರವೇ ಆಗಿನ ಪಾಸ್ಟರ್‌ಗೆ ವರ್ಗವಾಗಿತ್ತು. ಲಾರಿಗೆ ಸಾಮಾನು ಏರಿಸುತ್ತಾ ಅವರು, "ಬರುವ ಭಾನುವಾರ ಯೋಗರಾಜನ್ನ ಕೈ ಹಿಡಿದು ಒಳಗೆ ಕೂರಿಸಿಬಿಡಿ. ನೊಂದ ಮನೆಯ ಯಜಮಾನ ನೀವೇ, ನೀವು ಕರೆದರೇ ಚೆಂದ," ಎಂದಿದ್ದರು. ಸತ್ಯಮಿತ್ರ ಆಯಿತು ಎಂದಿದ್ದ.

ಆ ಭಾನುವಾರ ಯೋಗರಾಜ್ ಹೊಸದಾಗಿ ಒಗೆದ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಕೆಳಗಿನ ಮೆಟ್ಟಿಲ ಪಕ್ಕ ನಿಂತಿದ್ದ. ಪಕ್ಕದಲ್ಲಿ ಎರಡು ಜಡೆ ಹಾಕಿಕೊಂಡ ಸ್ವಪ್ನಾ. ಬಲಗೈಯನ್ನು ಪದೇ ಪದೇ ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಹಿಡಿಯುವವರಿಗೆ ಬೆವರು ತಾಗಬಾರದೆಂದು.

ಸತ್ಯಮಿತ್ರ ಅವನನ್ನು ದೂರದಿಂದಲೇ ಕಂಡ. ಆ ಒರೆಸಿಕೊಳ್ಳುವ ಕೈ ಕಂಡೊಡನೆ ಅವನೊಳಗೆ ಏನೋ ತಂಪಾಯಿತು. ಇನ್ನೊಂದು ವಾರ ಕಾಯಲಿ, ನನ್ನ ಮಗಳ ದಿನ ಕೆಡಿಸಿದವನು, ಒಂದು ವಾರಕ್ಕೆ ಸಾಯುವುದಿಲ್ಲ ಎಂದುಕೊಂಡ. ಯೋಗರಾಜ್ ಮುಖವೆತ್ತಿ ನಕ್ಕ. ಸತ್ಯಮಿತ್ರ ವಾಚು ನೋಡಿಕೊಳ್ಳುತ್ತಾ ಅವನ ಪಕ್ಕದಲ್ಲೇ ಹಾದು ಮೆಟ್ಟಿಲು ಹತ್ತಿ ಒಳಗೆ ಹೋದ.

ಮುಂದಿನ ವಾರವೂ ಅದೇ ಅಂಗಿ, ಅದೇ ನಗು. ಆ ವಾರ ಕರೆಯಬಹುದಿತ್ತು. ಆದರೆ ಹೋದ ವಾರ ಯಾಕೆ ಕರೆಯಲಿಲ್ಲ ಎಂದು ಯಾರಾದರೂ ಕೇಳಿದರೆ? ಹೀಗೆ ಒಂದು ವಾರದ ಹಟಕ್ಕೆ ಮುಂದಿನ ವಾರದ ಸಂಕೋಚ ಸೇರಿ, ಸಂಕೋಚಕ್ಕೆ ವರ್ಷಗಳ ನಾಚಿಕೆ ಸೇರಿ, ಕೊನೆಗೆ ಆ ಮೂರು ಮೆಟ್ಟಿಲು ಇಳಿಯುವುದು ಅವನಿಗೆ ಘಟ್ಟ ಇಳಿದಷ್ಟು ದೂರವಾಯಿತು. ಹೊಸ ಪಾಸ್ಟರ್ ಬಂದು ಕೇಳಿದಾಗಲೆಲ್ಲ "ಅವನಿಗೆ ಹೊರಗೇ ಅಭ್ಯಾಸ" ಎಂದ. ಹೇಳಿ ಹೇಳಿ ಅರ್ಧ ನಂಬಿಯೂ ಬಿಟ್ಟ. ಆದರೆ ಹಾಡಿನ ಹೊತ್ತಿಗೆ ಕಿಟಕಿಯಿಂದ ಆ ತಗ್ಗು ದನಿ ಬಂದಾಗ ಮಾತ್ರ ಅವನಿಗೆ ತನ್ನ ಹಾಡಿನ ಸಾಲು ತಪ್ಪುತ್ತಿತ್ತು.

*

ಹಗ್ಗ ಬಿಟ್ಟು ಸತ್ಯಮಿತ್ರ ಬಾಗಿಲಿಗೆ ಬಂದ. ಅಡ್ಡ ಹಿಡಿದಿದ್ದ ಪುಷ್ಪಮ್ಮನ ತೋಳಿನ ಮುಂದೆ ನಿಂತ.

"ನಾನು ಮರೀಲಿಲ್ಲ ಪುಷ್ಪಾ."

ಮರದ ಕೆಳಗಿದ್ದ ಗಂಡಸರು ಬಾಗಿಲ ಕಡೆ ತಿರುಗಿದರು.

"ಎಂತ ಅಂದ್ರಿ?"

"ಮರೀಲಿಲ್ಲ. ಒಂದು ಭಾನುವಾರವೂ ಮರೀಲಿಲ್ಲ. ಬೇಕಂತಲೇ ಕರೀಲಿಲ್ಲ. ಮೊದಲು ಸಿಟ್ಟಿಗೆ. ಆಮೇಲೆ..." ಎಂಬತ್ತರ ಹತ್ತಿರದ ಮುದುಕ, ಮಗಳ ಮುಂದೆ, ಊರಿನ ಮುಂದೆ, ತಲೆ ತಗ್ಗಿಸಿ ನಿಂತಿದ್ದ. "ಆಮೇಲೆ ನಾಚಿಕೆಗೆ. ನಂಗೆ ಮುಖ ಇಲ್ಲಮ್ಮ."

ಸ್ವಪ್ನಾ ಮುಂದೆ ಬಂದಳು. "ಆ ಭಾನುವಾರ ನಾನೂ ಇದ್ದೆ ಮಾವ," ಎಂದಳು. "ವಾಚು ನೋಡ್ಕೊಂಡ್ ಹೋದ್ರಿ. ಸತ್ಯಮಾವಂಗೆ ಲೇಟಾಗಿದೆ ಅಷ್ಟೇ ಅಂತ ಅಪ್ಪ ನಂಗೆ ಹೇಳಿದ್ರು." ಅದಕ್ಕಿಂತ ಬೈಗುಳವೇ ವಾಸಿಯಿತ್ತು.

ಕ್ಷಮಿಸಿದೆ ಎಂದು ಪುಷ್ಪಮ್ಮ ಅನ್ನಲಿಲ್ಲ. ಆ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ.

"ನನ್ನ ಹತ್ರ ಎಂತಕ್ಕೆ ಹೇಳ್ತೀರಿ," ಎಂದಳು. "ಕಾದವ್ರು ಅಲ್ಲಿದಾರೆ. ಅವ್ರ ಹತ್ರ ಹೇಳಿ."

ಅವಳು ಒಂದು ತೋಳು ಇಳಿಸಿದಳು. ಸತ್ಯಮಿತ್ರ ಚಪ್ಪಲಿಯಿಲ್ಲದ ಕಾಲನ್ನು ಕಾದ ಕಲ್ಲಿನ ಮೇಲಿಟ್ಟ. ಸುಪ್ರಿಯಾ ಅವನ ಮೊಣಕೈ ಹಿಡಿಯಲು ಬಂದಳು, ಬೇಡವೆಂದು ತಲೆಯಾಡಿಸಿದ. ಪೆಟ್ಟಿಗೆಯ ಪಕ್ಕ ಮಂಡಿಯೂರಿದ. ಯೋಗರಾಜ್ ಇವತ್ತೂ ಬಿಳಿ ಅಂಗಿಯಲ್ಲೇ ಇದ್ದ. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಜೋಳ ಸುಟ್ಟು ಸುಟ್ಟು ಬೆರಳ ತುದಿ ಕಪ್ಪಾಗಿತ್ತು. ಸತ್ಯಮಿತ್ರ ತನ್ನ ಬಲಗೈಯನ್ನು ಪಂಚೆಗೆ ಒರೆಸಿಕೊಂಡ, ಒಮ್ಮೆಯಲ್ಲ, ಎರಡು ಮೂರು ಸಲ. ಆಮೇಲೆ ಆ ತಣ್ಣನೆಯ ಕೈ ಹಿಡಿದ.

"ಬಾ ತಮ್ಮಾ," ಎಂದ. ಮತ್ತೆ ಶುರು ಮಾಡಿದ. "ಬಾ ತಮ್ಮಾ... ನಿನ್ನ ಜಾಗ ನಿನಗಾಗಿ ಕಾದಿದೆ. ನೀನು ಹೊರಗಿರ್ಲಿಲ್ಲ ಕಣೋ. ನಾನಿದ್ದೆ ಹೊರಗೆ. ತಪ್ಪಾಯ್ತು. ನಂದು ತಪ್ಪಾಯ್ತು."

ಶಾಂತಿರಾಜ ಟೋಪಿ ತೆಗೆದ. ಭೂತಪ್ಪ ಮೂಗೊರೆಸಿಕೊಂಡ. ಒಳಗಿದ್ದವರೆಲ್ಲ ಎದ್ದು ನಿಂತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಪುಷ್ಪಮ್ಮ ಎರಡನೆಯ ತೋಳನ್ನೂ ಇಳಿಸಿ ಬಾಗಿಲಿನಿಂದ ಸರಿದಳು. ಗಂಡನ ಮುಖದ ಹತ್ತಿರ ಬಗ್ಗಿ, ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸುವ ದನಿಯಲ್ಲಿ, "ಏಳಿ," ಎಂದಳು. "ಕರೆದ್ರು." ಬೆಳಗಿನಿಂದ ಬಾರದ ಅಳು ಆಗ ಬಂತು.

ಪೆಟ್ಟಿಗೆಯನ್ನು ಎತ್ತಿದರು. ಭೂತಪ್ಪ ಮುಂದೆ, ಶಾಂತಿರಾಜ ತಾನಾಗಿ ಬಂದು ಅವನ ಜೋಡಿಗೆ. ಹೊಸ್ತಿಲು ದಾಟುವವರೆಗೂ ಸತ್ಯಮಿತ್ರ ಆ ಕೈ ಬಿಡಲಿಲ್ಲ. ಪೆಟ್ಟಿಗೆ ಬೆಂಚುಗಳ ನಡುವೆ ಮುಂದೆ ಸಾಗಿದಾಗ ಅವನು ಬಾಗಿಲ ಬಳಿಯೇ ಉಳಿದ. ಜನ ಸಾವಿನ ಗಂಟೆಗೆ ಕಾದು ತಲೆ ಬಗ್ಗಿಸಿದರು.

ಅವನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಜಗ್ಗಿದ. ಒಂದು ಪೆಟ್ಟು. ಅದು ಮುಗಿಯುವ ಮೊದಲೇ ಇನ್ನೊಂದು. ಮತ್ತೆ ಜೋಡಿ, ಮತ್ತೆ ಜೋಡಿ.

"ಎಂತ ಮಾಡ್ತಿದಾರೆ ಇವ್ರು? ಇದು ಮದುವೆ ಗಂಟೆ!" ಎಂದು ಒಬ್ಬ ಹಿರಿಯ ತಡೆಯಲು ಧಾವಿಸಿದ. ಸುಪ್ರಿಯಾ ಕೈ ಅಡ್ಡ ಹಿಡಿದಳು.

ಸತ್ಯಮಿತ್ರ ಕಣ್ಣು ಮುಚ್ಚಿದ್ದ, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಪ್ರತಿ ಜಗ್ಗಿಗೂ ಹಗ್ಗ ಅವನನ್ನು ಮೇಲೆಳೆಯುತ್ತಿತ್ತು. ಬರಿಗಾಲಿನ ಹಿಮ್ಮಡಿಗಳು ನೆಲ ಬಿಟ್ಟು ಏಳುತ್ತಿದ್ದವು. ಹೊರಗೆ ರಸ್ತೆಯಲ್ಲಿ ಸಾಗರದ ಬಸ್ಸು ವೇಗ ತಗ್ಗಿಸಿತು. ಕಿಟಕಿಗಳಿಂದ ಹೆಂಗಸರು ಕತ್ತು ಚಾಚಿ, ತೆರೆದ ಬಾಗಿಲಲ್ಲಿ ಮದುಮಗಳನ್ನು ಹುಡುಕುತ್ತಿದ್ದರು.